ಟೇಪಿನಲ್ಲಿ ತಾಯಕ್ಕನ ಜಾಗ

ಮರಿಸ್ವಾಮಿಯ ಮೈಕ್ ಸೆಟ್ ಗೊತ್ತು ಮಾಡಿದವರಿಗೆ ಒಂದು ವಿಷಯದಲ್ಲಿ ಚಿಂತೆಯಿರಲಿಲ್ಲ. ಅದು ಸುಮ್ಮನಾಗುತ್ತಿರಲಿಲ್ಲ. ಮದುವೆ ಮನೆಯ ಮುಂದಿನ ಬೇವಿನ ಮರಕ್ಕೆ ಎರಡು ಹಾರ್ನ್ ಕಟ್ಟಿ ನಸುಕಿನಲ್ಲಿ ಶುರು ಮಾಡಿದನೆಂದರೆ, ಬೀಗರು ಬಸ್ಸು ಹತ್ತುವ ತನಕ ಏನಾದರೊಂದು ಕೂಗುತ್ತಲೇ ಇರಬೇಕು. ಒಂದು ರೆಕಾರ್ಡ್ ಮುಗಿಯುತ್ತಾ ಬಂದಾಗ ಇನ್ನೊಂದು ಅವನ ಕೈಯಲ್ಲಿ ಸಿದ್ಧವಾಗಿರುತ್ತಿತ್ತು. ಅದನ್ನು ತೆಗೆದು ಇದನ್ನು ಹಾಕುವ ನಡುವೆ ಉಸಿರು ಬಿಡುವಷ್ಟು ಹೊತ್ತು ಇರುತ್ತದಲ್ಲ, ಅದನ್ನೂ ಅವನು ಖಾಲಿ ಬಿಡುವವನಲ್ಲ. "ಊಟಕ್ಕ ಕುಂದ್ರೋರು ಜಲ್ದಿ ಕುಂದ್ರಬೇಕು" ಎಂದು ಮೈಕಿನಲ್ಲಿ ಒದರಿಬಿಡುತ್ತಿದ್ದ. ಎಷ್ಟೋ ಸಲ ಆಗಿನ್ನೂ ಒಲೆಯ ಮೇಲೆ ಬೇಳೆಯೂ ಬೆಂದಿರುತ್ತಿರಲಿಲ್ಲ.

"ಮೈಕ್ ಸುಮ್ಮನಾತಂದ್ರ ನನ್ನ ಮಾನ ಹೋದಂಗ" ಎನ್ನುತ್ತಿದ್ದ. ಈ ಭಯ ಸುಮ್ಮನೆ ಬಂದದ್ದಲ್ಲ. ದಂಧೆ ಹೊಸದಾಗಿ ಶುರು ಮಾಡಿದ ವರ್ಷ ಒಂದು ಮದುವೆಯಲ್ಲಿ ಫ್ಯೂಸ್ ಸುಟ್ಟು ಹಾರ್ನ್ ಎರಡೂ ಮೂಕವಾದವು. ಹಂದರದಲ್ಲಿದ್ದ ಜನ ಒಮ್ಮೆಲೇ ಕತ್ತು ತಿರುಗಿಸಿ ಅವನನ್ನು ನೋಡಿದರು. ಯಾರೂ ಬೈಯಲಿಲ್ಲ, ಬೈದಿದ್ದರೆ ಮರೆತುಬಿಡುತ್ತಿದ್ದ. ಆ ನೋಟ ಮಾತ್ರ ಇಪ್ಪತ್ತು ವರ್ಷ ಕಳೆದರೂ ಅವನನ್ನು ಬಿಟ್ಟಿರಲಿಲ್ಲ.

ಅವನ ತಂದೆಯ ಕಾಲಕ್ಕೆ ಕಂಪ್ಲಿಯಲ್ಲಿ ಮದುವೆಗೆ ಒಂದು ಓಲಗ ಸಾಕಾಗಿತ್ತು. ಹೊಳೆದಂಡೆಯ ಹಳೇ ಕಾಲುವೆಯ ಗದ್ದೆಗಳನ್ನು ಬಿಟ್ಟರೆ ಉಳಿದ ಕಡೆಯೆಲ್ಲ ಜೋಳ, ನವಣೆ. ಆಮೇಲೆ ಡ್ಯಾಮಿನ ಕಾಲುವೆ ಬಂತು. ಮೆಟ್ರಿ ಕಡೆಯ ಹೊಲಗಳೂ ಹಸಿರಾದವು, ಊರಲ್ಲಿ ಒಂದರ ಪಕ್ಕ ಒಂದು ಅಕ್ಕಿ ಮಿಲ್ಲು ಎದ್ದವು, ಜನರ ಮೈಮೇಲೆ ಟೆರಿಲಿನ್ ಬಂತು. ಗದ್ದೆಯ ಜೊತೆಗೆ ಸದ್ದೂ ಬೆಳೆಯಿತೆನ್ನಿ. ಮೈಕ್ ಇಲ್ಲದ ಮದುವೆಗೆ ಹೋಗಿ ಬಂದವರು "ಸತ್ತ ಮನಿ ಇದ್ದಂಗ ಇತ್ತು" ಎಂದು ಆಡಿಕೊಳ್ಳುವಂತಾಯಿತು. ಮರಿಸ್ವಾಮಿ ಅದೇ ಹೊತ್ತಿಗೆ ಬಳ್ಳಾರಿಯಿಂದ ಹಳೆಯದೊಂದು ಸೆಟ್ ತಂದ. ಅವನ ಹೆಸರಿನ ಮುಂದೆ ಮೈಕ್ ಎಂಬುದು ಅಂಟಿಕೊಂಡದ್ದು ಆಗಲೇ.

ಮೈಕ್ ಬರುವ ಮೊದಲು ಮದುವೆಗಳಲ್ಲಿ ಹೆಂಗಸರು ಸೋಬಾನೆ ಹಾಡುತ್ತಿದ್ದರು. ಆ ಹಾಡಿನ ಕ್ರಮವೇ ಬೇರೆ. ಒಂದು ಕಡೆ ಕೂತವರು ಸಾಲು ಎತ್ತಬೇಕು, ಎದುರಿಗೆ ಕೂತವರು ಅದನ್ನು ಹಿಡಿಯಬೇಕು. ಮರಿಸ್ವಾಮಿಯ ಮನೆಯಲ್ಲೇ ಅಂಥ ಜೋಡಿಯೊಂದಿತ್ತು. ಎತ್ತುವವಳು ಅವನ ಹೆಂಡತಿ ಹಂಪಮ್ಮ. ಹಿಡಿಯುವವಳು ಅವನ ಅಕ್ಕ ತಾಯಕ್ಕ. ತಾಯಕ್ಕ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಅತ್ತಿಗೆ ನಾದಿನಿಯರೆಂದರೆ ಹಾವು ಮುಂಗುಸಿ ಎನ್ನುವ ಊರಿನಲ್ಲಿ ಇವರಿಬ್ಬರು ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದರು. ಅಕ್ಕಿ ಆರಿಸುವಾಗ, ಸೆಗಣಿ ಸಾರಿಸುವಾಗ ಒಬ್ಬಳು ಪಡಸಾಲೆಯಿಂದ ಒಂದು ಸಾಲು ಎತ್ತಿದರೆ ಇನ್ನೊಬ್ಬಳು ಹಿತ್ತಲಿನಿಂದ ಹಿಡಿಯುತ್ತಿದ್ದಳು. ಮಗಳು ಮರುಳಸಿದ್ದಮ್ಮ, ಮನೆಯವರ ಬಾಯಲ್ಲಿ ಸಿದ್ದಿ, ಆ ಎರಡು ದನಿಗಳ ನಡುವೆ ಅಂಬೆಗಾಲಿಟ್ಟು ಬೆಳೆದಳು.

ಮೈಕ್ ಬಂದ ಮೇಲೆ ಮದುವೆಗಳಲ್ಲಿ ಈ ಹಾಡಿಗೆ ಸಂದು ಸಿಗಲಿಲ್ಲ. ಹಾರ್ನಿನ ಕೆಳಗೆ ಕೂತು ಎಷ್ಟಂತ ಕೂಗಿಯಾರು? ತಾಯಕ್ಕ ತಮ್ಮನ ಮೇಲೆ ಮುನಿಸಿಕೊಂಡವಳಲ್ಲ. "ನಿನ್ನ ದಂಧೆ ನಡೀಲೆಪ, ನಮ್ಮದು ಮನ್ಯಾಗ ಐತಿ" ಎಂದಿದ್ದಳು. ಇಷ್ಟೆಲ್ಲ ಸಾಮಾನು ಮನೆಯಲ್ಲಿದ್ದರೂ ಮರಿಸ್ವಾಮಿ ಆ ಇಬ್ಬರ ಹಾಡಿಗೆ ಒಂದು ದಿನವೂ ಮೈಕ್ ಹಿಡಿಯಲಿಲ್ಲ, ಟೇಪಿನ ಮೇಲೆ ಒಂದು ಸಾಲನ್ನೂ ತೆಗೆದುಕೊಳ್ಳಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಇದಕ್ಕೇ.

ತಾಯಕ್ಕ ಎರಡು ವರ್ಷದ ಹಿಂದೆ ತೀರಿಕೊಂಡಳು. ಹಂಪಮ್ಮ ಆಮೇಲೆ ಹಾಡಲಿಲ್ಲ. ಮನೆಯಲ್ಲಿ ಹಾಡು ನಿಂತದ್ದು ಮರಿಸ್ವಾಮಿಯ ಗಮನಕ್ಕೆ ಬರಲಿಲ್ಲವೆಂದಲ್ಲ. ವಯಸ್ಸಾಯಿತು, ದನಿ ಹೋಗಿರಬೇಕು ಎಂದುಕೊಂಡಿದ್ದ.

ಎಂಬತ್ತೈದರ ಬೇಸಿಗೆಯಲ್ಲಿ ಸಿದ್ದಿಯ ಮದುವೆ ಗೊತ್ತಾಯಿತು. ಹುಡುಗ ಸಂಡೂರಿನವನು, ಗಣಿ ಕಂಪನಿಯ ವರ್ಕ್‌ಶಾಪಿನಲ್ಲಿ ಫಿಟ್ಟರ್. ಒಂದು ಸಂಜೆ ತಾಯಿ ಮಗಳು ಕೂತು ಶಾವಿಗೆ ಹೊಸೆಯುತ್ತಿದ್ದಾಗ ಸಿದ್ದಿ ಕೇಳಿದಳು.

"ಅವ್ವಾ, ನನ್ನ ಮದುವ್ಯಾಗ ನೀನ ಹಾಡಬೇಕು."

"ನಾ ಹಾಡಿಕ್ಯಾಂತ ಕುಂತ್ರ ಬೀಗರಿಗೆ ಚಾ ಯಾರು ಕೊಡ್ತಾರ? ಹಡದಾಕಿಗೆ ಮಗಳ ಮದುವ್ಯಾಗ ಕುಂದ್ರಾಕ ಪುರಸೊತ್ತು ಎಲ್ಲಿರ್ತೈತಿ? ನಿಮ್ಮಪ್ಪನ ರೆಕಾರ್ಡ್ ಅದಾವಲ್ಲ, ಒದರ್ತಾವ ಬಿಡು."

"ಅವು ನನಗ ಬ್ಯಾಡ. ತೆನಿ ಕಟ್ಟೋ ಹೊತ್ತಿಗೆ ನಿನ್ನ ಹಾಡ ಇರಬೇಕು" ಎಂದವಳೇ ಹುಡುಗಿ ಶಾವಿಗೆ ಬಿಟ್ಟು ಒಳಗೆ ಎದ್ದು ಹೋದಳು.

ಆ ಮನೆತನದಲ್ಲಿ ಮದುಮಗಳು ಹೊಸ್ತಿಲು ದಾಟಿ ಹಂದರಕ್ಕೆ ಬರುವ ಮೊದಲು ಅವಳ ಸೆರಗಿನ ಅಂಚಿಗೆ ಭತ್ತದ ತೆನೆ ಕಟ್ಟುವ ಪದ್ಧತಿ. ಕಟ್ಟುವವಳು ಸೋದರತ್ತೆ. ಸಿದ್ದಿಗೆ ಇದ್ದ ಒಬ್ಬಳೇ ಸೋದರತ್ತೆ ಎಂದರೆ ತಾಯಕ್ಕ. ಅವಳಿಲ್ಲದ ಮೇಲೆ ತಾಯಿಯೇ ಕಟ್ಟಬೇಕೆಂದು ಹಿರಿಯರು ಹೇಳಿದ್ದರು.

ಆಚೆ ಕೂತು ಹಾರ್ನಿನ ವೈರು ಸುತ್ತುತ್ತಿದ್ದ ಮರಿಸ್ವಾಮಿಗೆ ಮೊದಲು ಸಿಟ್ಟೇ ಬಂತು. ಊರಿಗೆಲ್ಲ ಬೇಕಾದ ರೆಕಾರ್ಡ್ ಹೆತ್ತ ಮಗಳಿಗೆ ಬೇಡವಂತೆ! ಸಿಟ್ಟು ಇಳಿದ ಮೇಲೆ ಒಂದು ಉಪಾಯ ಹೊಳೆಯಿತು.

"ಈಗ ಹಾಡಿಬಿಡು, ಟೇಪ್ ಮಾಡ್ಕೊಂತೀನಿ. ಮದುವಿ ದಿನ ಹಾಕಿದ್ರಾತು" ಎಂದು ಹೆಂಡತಿಗೆ ಹೇಳಿದ.

"ನಿಮ್ಮ ಮೈಕಿನ್ಯಾಗ ಹಾಡಿದ್ರ ನನ್ನ ದನಿ ಸಂತ್ಯಾಗ ಇಲಿ ಪಾಷಾಣ ಮಾರೋನ ದನಿ ಆಗ್ತೈತಿ" ಎಂದಳು ಹಂಪಮ್ಮ.

ಮಾತು ಚುಚ್ಚಿತು, ಏಕೆಂದರೆ ನಿಜವಾಗಿತ್ತು. ಅವನ ಬಾಡಿಗೆ ಮೈಕುಗಳು ಕೂಗಿ ಹೇಳುವುದಕ್ಕೆ ಸರಿ, ಹಾಡುವ ದನಿಯನ್ನು ಡಬ್ಬಿಯೊಳಗೆ ತುಂಬಿದಂತೆ ಮಾಡುತ್ತಿದ್ದವು. ಮರುದಿನ ಬೆಳಗ್ಗೆ ಹೊಸಪೇಟೆಯ ಬಸ್ಸು ಹತ್ತಿದ.

ಹೊಸಪೇಟೆ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಕೊಟ್ರಯ್ಯನ ರೇಡಿಯೋ ರಿಪೇರಿ ಅಂಗಡಿ. ಕೊಟ್ರಯ್ಯ ಮರಿಸ್ವಾಮಿಯ ಹಳೇ ಗೆಳೆಯ. ಬಿಚ್ಚಿಟ್ಟ ರೇಡಿಯೋಗಳ ನಡುವೆ ಸೋಲ್ಡರ್ ಹೊಗೆಯಲ್ಲಿ ಕೂತಿದ್ದವನು ವಿಷಯ ಕೇಳಿ ಸ್ಟೂಲು ಎಳೆದ.

"ಕುಂದ್ರಿ ಮರಿಸ್ವಾಮೇರ. ಕೈಯಾಗ ಎಷ್ಟೈತಿ, ಅದನ್ನ ಮೊದಲು ಹೇಳ್ರಿ."

ಮದುವೆ ಮಾಡಿ ನೋಡು ಎಂದವರು ಸುಮ್ಮನೆ ಅಂದಿಲ್ಲ. ಬಟ್ಟೆ, ಬಂಗಾರ, ಹಂದರವೆಲ್ಲ ಕಳೆದು ಮರಿಸ್ವಾಮಿಯ ಕೈಯಲ್ಲಿ ಉಳಿದದ್ದು ಹೊಸ ಹಾರ್ನಿಗೆಂದು ಎತ್ತಿಟ್ಟಿದ್ದ ಸಣ್ಣ ಗಂಟು. ಅದನ್ನು ನೋಡಿದ ಕೊಟ್ರಯ್ಯ ಮೂರು ಮೈಕ್ ತಂದು ಮೇಜಿನ ಮೇಲಿಟ್ಟ.

ಮೊದಲನೆಯದು ಹರಳಿನ ಮೈಕ್. ಅಗ್ಗದ್ದು, ಜೋರಾಗಿಯೂ ಕೇಳಿಸುತ್ತದೆ. ಆದರೆ ಒಳಗಿನ ಹರಳಿಗೆ ಸೆಕೆ ಆಗದು. "ನಮ್ಮ ಬಿಸಿಲಿಗೆ ಒಂದು ಬ್ಯಾಸಗಿ ತಡದ್ರ ದೊಡ್ಡದು" ಎಂದು ಕೊಟ್ರಯ್ಯನೇ ಅದನ್ನು ಬದಿಗೆ ಸರಿಸಿದ. ಎರಡನೆಯದು ಕಂಡೆನ್ಸರ್. ಹೊಟ್ಟೆಯಲ್ಲಿ ಪೆನ್ಸಿಲ್ ಸೆಲ್ ಹಾಕಿದರೆ ಸುತ್ತ ಉಸಿರಾಡುವುದನ್ನೂ ಬಿಡದೆ ಹಿಡಿಯುತ್ತದೆ. ಮೂರನೆಯದು ಡೈನಮಿಕ್. ಗಟ್ಟಿಮುಟ್ಟು, ಎದುರಿಗಿದ್ದ ಬಾಯಿಯನ್ನಷ್ಟೇ ಕೇಳುತ್ತದೆ. ಆದರೆ ಅದರಿಂದ ಬರುವ ದನಿ ಬಹಳ ಸಣ್ಣದು, ಟೇಪ್ ರೆಕಾರ್ಡರಿಗೆ ಹೋಗುವ ಮೊದಲು ಅದನ್ನು ಎತ್ತಿಕೊಡಲು ನಡುವೆ ಒಂದು ಪ್ರೀ-ಆಂಪ್ ಬೇಕು.

"ಕೂಸಿಗೆ ಅನ್ನ ಕಿವುಚಿ ಉಣಿಸ್ತಾರಲ್ಲ, ಆ ಕೆಲಸ ಅದು. ಕಂಪನೀದು ತಗಂಡ್ರ ನಿಮ್ಮ ಗಂಟು ಪೂರಾ ಹೋಗ್ತೈತಿ. ನಾನ ಒಂದು ಕಟ್ಟಿ ಕೊಡ್ತೀನಿ, ಎರಡು ಬ್ಯಾಟ್ರಿ ಮ್ಯಾಲೆ ನಡೀತೈತಿ. ಕರೆಂಟಿನ ಗುಂಯ್ ಅನ್ನೋದು ಇರಂಗಿಲ್ಲ."

ಲೆಕ್ಕ ಇಷ್ಟೇ ಆಯಿತು: ತೆಗೆದುಕೊಂಡರೆ ಕಂಡೆನ್ಸರ್ ಒಂದೇ, ಇಲ್ಲವೇ ಡೈನಮಿಕ್ ಮೈಕೂ ಕೊಟ್ರಯ್ಯನ ಕೈಯಾರೆ ಕಟ್ಟಿದ ಪ್ರೀ-ಆಂಪೂ. ಹಾಸಿಗೆ ಇರುವಷ್ಟು ಕಾಲು ಚಾಚಬೇಕಲ್ಲ.

ಮರಿಸ್ವಾಮಿ ಡೈನಮಿಕ್ ಮೈಕ್ ಕೈಗೆತ್ತಿಕೊಂಡು ಎಂದಿನ ರೂಢಿಯಂತೆ "ಹಲೋ, ಹಲೋ, ಮೈಕ್ ಟೆಸ್ಟಿಂಗ್" ಎಂದು ಅಬ್ಬರಿಸಿದ. ಕೊಟ್ರಯ್ಯ ಕಿವಿ ಮುಚ್ಚಿಕೊಂಡ.

"ನಿಮ್ಮ ಮನಿಯವ್ರು ಹಲೋ ಹಲೋ ಅಂತ ಹಾಡ್ತಾರೇನ್ರಿ? ಅವರು ಹಾಡಿದಂಗ ಹಾಡಿ ನೋಡ್ರಿ."

ನಲವತ್ತೆಂಟರ ಮೀಸೆಯ ಗಂಡಸು ಆ ಕಡೆ ಈ ಕಡೆ ನೋಡಿ, ಗಂಟಲು ಕಿರಿದು ಮಾಡಿಕೊಂಡು, ಹೆಂಗಸಿನ ದನಿಯಲ್ಲಿ ಒಂದು ಸಾಲು ಹಾಡಿದ. ಪಕ್ಕದ ಚಹಾದ ಅಂಗಡಿಯವನು ಕಿಟಕಿಯಲ್ಲಿ ಇಣುಕಿ ನಕ್ಕ. ಒಂದು ಸಾಲಿಗೇ ಮರಿಸ್ವಾಮಿ ನಿಲ್ಲಿಸಿದ.

"ಮುಂದ?"

"ಮುಂದಿಂದು ನಮ್ಮಕ್ಕ ಹಾಡ್ತಿದ್ಲು" ಎಂದು, ಅದೇ ಉಸಿರಿನಲ್ಲಿ ಕಂಡೆನ್ಸರಿನ ಬೆಲೆ ಕೇಳಿದ. ತಾನು ಆಡಿದ ಮಾತು ತನ್ನ ಕಿವಿಗೇ ಬೀಳದಷ್ಟು ಮೈಕಿನಲ್ಲಿ ಮುಳುಗಿದ್ದ.

ಮನಸ್ಸು ಕಂಡೆನ್ಸರಿನ ಕಡೆಗೇ ವಾಲಿತ್ತು. ಕೊಟ್ರಯ್ಯ "ಒಯ್ದು ನೋಡ್ರಿ, ಒಗ್ಗಲಿಲ್ಲಂದ್ರ ತಂದುಕೊಡ್ರಿ" ಎಂದ. ಮರಿಸ್ವಾಮಿ ಅದನ್ನು ಮನೆಗೆ ತಂದು, ಹಂಪಮ್ಮನಿಗೆ ಹೇಳದೆ, ಅಡುಗೆಮನೆಯ ಗೂಡಿನಲ್ಲಿಟ್ಟು ಟೇಪ್ ಚಾಲೂ ಮಾಡಿದ. ಒಬ್ಬಳೇ ಇದ್ದಾಗ ಗುನುಗಿಯಾಳು ಎಂಬ ಆಸೆ. ಆಮೇಲೆ ಕೇಳಿದರೆ ಅದರಲ್ಲಿ ಏನುಂಟು ಏನಿಲ್ಲ! ಮಿಲ್ಲಿನ ಢಗ್ ಢಗ್, ಗುಬ್ಬಿಗಳ ಜಗಳ, ಎದುರು ಮನೆಯ ಒನಕೆ, ಪಡಸಾಲೆಯಲ್ಲಿ ಕೂತ ಅವನದೇ ಕೆಮ್ಮು. ಹಂಪಮ್ಮನದು ಒಂದೇ ಒಂದು ಮಾತು ಇತ್ತು: "ಈ ಗೂಡಿನ್ಯಾಗ ಏನಿಟ್ಟಾರಪ ಇವ್ರು?"

ಮೈಕನ್ನು ಹಿಂದಿರುಗಿಸಲು ಹೋದಾಗ ಕೊಟ್ರಯ್ಯ ಕೇಳಿದ, "ಹಾಡೋರು ಒಬ್ರೋ ಇಬ್ರೋ?"

"ಒಬ್ಬಾಕಿ. ಆಕಿ ದನಿ ಬಿಟ್ಟು ನನಗ ಬ್ಯಾರೆ ಏನೂ ಬ್ಯಾಡ."

"ಹಂಗಾದ್ರ ಡೈನಮಿಕ್ ಒಯ್ರಿ. ಇದು ಎದುರಿಗಿದ್ದೋರ್ನ ಬಿಟ್ಟು ಮಗ್ಗಲಾಗ ಕುಂತೋರ್ನೂ ಕೇಳಂಗಿಲ್ಲ."

ಕೊಟ್ರಯ್ಯ ಪ್ರೀ-ಆಂಪನ್ನು ಬಿಸ್ಕತ್ತಿನ ತಗಡಿನ ಡಬ್ಬಿಯೊಳಗೆ ಕೂಡಿಸಿ ಕೊಟ್ಟ. ತಗಡಿದ್ದರೆ ಹೊರಗಿನ ಗಲಾಟೆ ಒಳಗೆ ನುಸುಳುವುದಿಲ್ಲವಂತೆ. ಡಬ್ಬಿಯ ಮೇಲೆ ನಗುವ ಮಗುವಿನ ಚಿತ್ರವಿತ್ತು, ಅದರ ಮೂಗಿನ ಜಾಗದಲ್ಲಿ ವಾಲ್ಯೂಮಿನ ಗುಂಡಿ. ಮರಿಸ್ವಾಮಿ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಂದ. ಪಕ್ಕದವರು ಬಿಸ್ಕತ್ತು ಕೊಟ್ಟಾನೆಂದು ದಾರಿಯುದ್ದಕ್ಕೂ ನೋಡಿದರು.

ಇನ್ನು ಬೇಕಾದದ್ದು ಸದ್ದಿಲ್ಲದ ಜಾಗ. ಕಂಪ್ಲಿಯಲ್ಲಿ ಅದು ಸುಲಭವಲ್ಲ. ಬರಿಗೋಡೆಯ ಕೋಣೆಯಲ್ಲಿ ದನಿ ಗೋಡೆಗೆ ಬಡಿದು ಮರಳುತ್ತದೆ, ಬಯಲಿನಲ್ಲಿ ಗಾಳಿ. ದಾರಿ ತೋರಿಸಿದವನು ಮಿಲ್ಲಿನ ಗೋದಾಮು ನೋಡಿಕೊಳ್ಳುವ ಹಮಾಲ ಗಾಳೆಪ್ಪ. "ಬ್ಯಾಸಗಿ ಭತ್ತ ಬಂದು ಗೋದಾಮು ತುಂಬೈತಿ. ಚೀಲದ ಸಂದ್ಯಾಗ ನಿಂತು ಕರದ್ರ ನಮಗ ಕೇಳಂಗಿಲ್ಲ, ಆ ಹುಡುಗ್ರು ಅಲ್ಲೇ ಹೋಗಿ ಮಲಗಿರ್ತಾರ" ಎಂದು ತನ್ನ ಕೈಕೆಳಗಿನವರನ್ನು ಬೈಯುತ್ತಾ ಹೇಳಿದ. ಮರಿಸ್ವಾಮಿ ಹೋಗಿ ಚಪ್ಪಾಳೆ ತಟ್ಟಿ ನೋಡಿದ. ಚಪ್ಪಾಳೆ ಅಲ್ಲೇ ಇಂಗಿಹೋಯಿತು. ಸೂರಿನ ತನಕ ಪೇರಿಸಿದ ಭತ್ತದ ಚೀಲಗಳು ಸದ್ದನ್ನೆಲ್ಲ ಕುಡಿದುಬಿಡುತ್ತಿದ್ದವು. ಅಮಾವಾಸ್ಯೆಯ ದಿನ ಮಿಲ್ಲು ಬಂದ್ ಇರುತ್ತದೆ. ಅದನ್ನೇ ಗೊತ್ತು ಮಾಡಿ ಗಾಳೆಪ್ಪನಿಂದ ಕೀಲಿ ತಂದ.

ಇಷ್ಟೆಲ್ಲ ಆದ ಮೇಲೆ ಹಂಪಮ್ಮ ಇಲ್ಲವೆನ್ನಲಾರದೆ ಒಪ್ಪಿದಳು. ಓಣಿಯ ಹೆಂಗಸರು ತಾವೂ ಬಂದು ದನಿಗೂಡಿಸುತ್ತೇವೆಂದರೆ ಬೇಡವೆಂದಳು. "ಯಾರೂ ಬರಬಾರ್ದು. ನೀವೂ ನನ್ನ ಎದುರಿಗೆ ಕುಂದ್ರಬ್ಯಾಡ್ರಿ" ಎಂದು ಗಂಡನಿಗೂ ಹೇಳಿದಳು.

ಅಮಾವಾಸ್ಯೆಯ ಮಧ್ಯಾಹ್ನ ಮರಿಸ್ವಾಮಿ ಚೀಲಗಳ ಸಂದಿಯಲ್ಲಿ ಮೈಕನ್ನು ಹಗ್ಗದಿಂದ ಇಳಿಬಿಟ್ಟು, ಉಸಿರು ಬಡಿಯದಂತೆ ಅದರ ಮೂತಿಗೆ ತೆಳುವಾದ ಹಳೇ ಸೀರೆಯ ತುಂಡು ಸುತ್ತಿದ. ಹಂಪಮ್ಮ ಖಾಲಿ ಚೀಲ ಮಡಿಸಿ ಹಾಕಿಕೊಂಡು ಕೂತಳು. ಅವನು ಒಂದು ಸಾಲು ಚೀಲದ ಆಚೆ ಹೋಗಿ, ಕಿವಿಗೆ ಹೆಡ್‌ಫೋನ್ ಏರಿಸಿ, ಸಂದಿಯಲ್ಲಿ ಕಾಣುವಂತೆ ಕೂತ. ಹೊಸ ಭತ್ತದ ವಾಸನೆ ಗಂಟಲಿಗೆ ಬರುವಂತಿತ್ತು.

*ಹಣಿಯ ಮ್ಯಾಲಿನ ಕುಂಕುಮ ಯಾರು ಇಟ್ಟಾರ
ಹೇಳ ಬಾರವ್ವ ಮಗಳ ಹಂದರಕ*

ಮರಿಸ್ವಾಮಿ ಹೆಡ್‌ಫೋನನ್ನು ಎರಡೂ ಕೈಯಿಂದ ಕಿವಿಗೆ ಒತ್ತಿಕೊಂಡ. ಇಪ್ಪತ್ತೈದು ವರ್ಷ ಒಂದೇ ಸೂರಿನ ಕೆಳಗೆ ಬಾಳಿದ ಹೆಣ್ಣಿನ ದನಿ ಇದು, ಇಷ್ಟು ಹತ್ತಿರದಿಂದ ಕೇಳಿದ್ದು ಇದೇ ಮೊದಲು. ಸಾಲಿನ ಕೊನೆಗೆ ಅವಳು ಉಸಿರನ್ನು ಮೆಲ್ಲಗೆ ಬಿಡುವುದು, ಮಗಳ ಎನ್ನುವಾಗ ದನಿ ತುಸು ಕೆಳಗಿಳಿಯುವುದು, ಎಲ್ಲವೂ ಕಿವಿಯೊಳಗೆ ಇತ್ತು. ದನಿ ಹೋಗಿರಲಿಲ್ಲ. ಎಲ್ಲಿಗೂ ಹೋಗಿರಲಿಲ್ಲ.

ಎರಡು ಸಾಲು ಹಾಡಿ ಹಂಪಮ್ಮ ಸುಮ್ಮನಾದಳು.

ಮರೆತಿರಬೇಕೆಂದು ಮರಿಸ್ವಾಮಿ ಸಂದಿಯಿಂದ ಕೈ ಆಡಿಸಿ ಮುಂದೆ ಮುಂದೆ ಎಂದು ಸನ್ನೆ ಮಾಡಿದ. ಅವಳು ಇತ್ತ ನೋಡುತ್ತಿರಲಿಲ್ಲ. ಮುಖವನ್ನು ಎಡಕ್ಕೆ ವಾಲಿಸಿ, ಕಣ್ಣು ಅರ್ಧ ಮುಚ್ಚಿ ಕೂತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ತಲೆಯಾಡಿಸಿ ಮುಂದಿನ ಸಾಲು ಎತ್ತಿದಳು. ಮತ್ತೆ ಸುಮ್ಮನಾದಳು. ಹಾಡು ಮುಗಿಯುವವರೆಗೂ ಹೀಗೇ. ಹೆಡ್‌ಫೋನಿನಲ್ಲಿ ಆ ಖಾಲಿ ಹೊತ್ತಿಗೆ ಬಿಸ್ಕತ್ತಿನ ಡಬ್ಬಿ ಸಣ್ಣಗೆ ಸ್ಸ್ ಎನ್ನುವುದು ಮಾತ್ರ ಕೇಳುತ್ತಿತ್ತು. ಮರಿಸ್ವಾಮಿ ಚಡಪಡಿಸಿ ಬೆವೆತುಹೋದ.

ಸಂಜೆ ಪಡಸಾಲೆಯಲ್ಲಿ ಕೂತು ಪೂರ್ತಿ ಕೇಳಿದ. ದನಿ ಬಂಗಾರದಂತೆ ಬಂದಿತ್ತು. ಆದರೆ ನಡುನಡುವೆ ಇಷ್ಟಿಷ್ಟು ತೂತು. ಇದನ್ನು ಹಂದರದಲ್ಲಿ ಹಾಕಿದರೆ ಸಾಲು ಸಾಲಿಗೂ ಜನ ಕತ್ತು ತಿರುಗಿಸಿ ನೋಡುತ್ತಾರೆ, ಮೈಕ್ ಮರಿಸ್ವಾಮಿಯ ಸ್ವಂತ ಮಗಳ ಮದುವೆಯಲ್ಲೇ ಸೆಟ್ ಕೆಟ್ಟಿತು ಎನ್ನುತ್ತಾರೆ. ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗಾಯಿತು. ಇನ್ನೊಂದು ಟೇಪ್ ರೆಕಾರ್ಡರ್ ತಂದು ಎದುರಿಗಿಟ್ಟುಕೊಂಡ. ಹಾಡಿರುವ ಕಡೆ ಇದರಿಂದ ಅದಕ್ಕೆ ಇಳಿಸಿಕೊಳ್ಳುವುದು, ಖಾಲಿ ಬಂದ ಕಡೆ ನಿಲ್ಲಿಸಿ ದಾಟಿಸುವುದು. ಮೊದಲೆರಡು ತುಣುಕು ಹೀಗೆ ಜೋಡಿಸಿ ಹಾಕಿ ಕೇಳಿದ. ತೂತು ಹೋಗಿತ್ತು. ಕುಂಕುಮ ಯಾರಿಟ್ಟಾರ ಎಂದು ಕೇಳಿದ ಬೆನ್ನಿಗೇ ತೆನೆ ಯಾರು ಕಟ್ಟ್ಯಾರ ಎಂದು ಕೇಳುತ್ತಿತ್ತು.

ಹಂಪಮ್ಮ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು. ಕೈಯಲ್ಲಿ ಹಿಟ್ಟು ಮೆತ್ತಿತ್ತು.

"ಏನು ಮಾಡಾಕತ್ತೀರಿ?"

"ಮಸ್ತ್ ಬಂದೈತಿ ನೋಡು. ನೀ ನಡುವ ನಡುವ ನಿಲ್ಸಿಬಿಟ್ಟಿದ್ದಿ, ಆ ಖಾಲಿ ಜಾಗ ತಗದು ಕೂಡಿಸಾಕತ್ತೀನಿ."

"ನಾ ಎಲ್ಲಿ ನಿಲ್ಸೀನಿ?"

"ನಿಲ್ಸಿಲ್ಲೇನು? ಕೇಳಿಲ್ಲಿ" ಎಂದು ಮೂಲ ಟೇಪು ಹಾಕಿದ. ಎರಡು ಸಾಲು ಬಂತು. ಆಮೇಲೆ ಸ್ಸ್ ಎಂಬ ಸದ್ದು.

"ಅದು ಖಾಲಿ ಅಲ್ರಿ" ಎಂದಳು ಹಂಪಮ್ಮ. "ಅಲ್ಲಿ ಅಕ್ಕಂದು ಐತಿ."

ಮರಿಸ್ವಾಮಿ ಟೇಪು ನಿಲ್ಲಿಸಿದ.

"ನಾ ಕೇಳಬೇಕು, ಆಕಿ ಹೇಳಬೇಕು. ಆಕಿ ಹೇಳಿ ಮುಗಿಸೋ ಮುಂಚೆ ನಾ ಹೆಂಗ ಎತ್ತಲಿ? ಗೋದಾಮಿನ್ಯಾಗ ನನಗ ಪೂರಾ ಕೇಳಿಸಾಕತ್ತಿತ್ತು. ನಿಮ್ಮ ಮೈಕಿಗೆ ಕೇಳಿಸಲಿಲ್ಲಂದ್ರ ನಾ ಏನು ಮಾಡ್ಲಿ?" ಎಂದಳು. "ಎರಡು ವರ್ಷದಿಂದ ಯಾಕ ಹಾಡವಲ್ಲಿ ಅಂತ ಒಂದು ದಿನ ಕೇಳಿದ್ರೇನು ನೀವು?" ಹಿಟ್ಟಿನ ಕೈಯನ್ನೇ ಕಣ್ಣಿಗೆ ಒತ್ತಿಕೊಂಡು ಒಳಗೆ ಹೋದಳು.

ಮರಿಸ್ವಾಮಿ ಒಬ್ಬನೇ ಕೂತು ಆ ಟೇಪನ್ನು ಮತ್ತೆ ಹಾಕಿದ. ಸಾಲು ಮುಗಿದು ಖಾಲಿ ಬಂದಾಗ, ಬಾಯಿ ಬಿಡದೆ, ಅಕ್ಕನ ಸಾಲನ್ನು ನೆನಪಿನಲ್ಲೇ ಹಾಡಿಕೊಂಡು ನೋಡಿದ. ಸರಿಯಾಗಿ ಅಷ್ಟೇ ಹೊತ್ತು. ತಾಯಕ್ಕ ಕೊನೆಯ ಅಕ್ಷರವನ್ನು ಎಳೆಯುತ್ತಿದ್ದಳಲ್ಲ, ಆ ಎಳೆತಕ್ಕೂ ಜಾಗ ಇತ್ತು. ಇಪ್ಪತ್ತು ವರ್ಷ ಊರಿನವರ ಕೆಮ್ಮು ಸೀನನ್ನೆಲ್ಲ ಹಾರ್ನಿನಲ್ಲಿ ಹಾಕಿದವನು ಒಡಹುಟ್ಟಿದವಳ ಒಂದು ಸಾಲು ಉಳಿಸಿಕೊಳ್ಳಲಿಲ್ಲ. ಮೂರು ಮೈಕ್ ಮುಂದಿಟ್ಟುಕೊಂಡು ಎದುರಿಗಿದ್ದವರನ್ನು ಬಿಟ್ಟು ಯಾರನ್ನೂ ಕೇಳದ ಮೈಕನ್ನೇ ಆರಿಸಿದ್ದ. ಅದು ಅವನಂತೆಯೇ ಇತ್ತು. ಮರಿಸ್ವಾಮಿ ಅತ್ತ. ಅಕ್ಕ ಹೋದ ದಿನ ಮಣ್ಣಿಗೆ ಬೇಕಾದ ಸಾಮಾನು, ಗಾಡಿ ಎಂದು ಓಡಾಡಿ ಅಳುವುದಕ್ಕೆ ಪುರಸೊತ್ತಾಗಿರಲಿಲ್ಲ.

ಜೋಡಿಸಿದ ಟೇಪನ್ನು ಅಳಿಸಿದ. ಮೂಲದ್ದನ್ನು ಹಾಗೇ ಇಟ್ಟ.

ಇಟ್ಟದ್ದೇನೋ ಸರಿ, ಆದರೆ ಮದುವೆ ಹತ್ತಿರ ಬಂದಂತೆ ಅವನು ಮತ್ತೆ ಲೆಕ್ಕ ಹಾಕತೊಡಗಿದ. ತೂತು ಬಿದ್ದ ಟೇಪು ಹಾಕಿ ಸಂಡೂರಿನ ಬೀಗರ ಮುಂದೆ ನಗೆಪಾಟಲಾಗುವುದೋ, ಹಾಕದೆ ಹೆಂಡತಿ ಮಗಳ ಮುಖ ನೋಡುವುದೋ? ಮದುವೆಯ ಬೆಳಗ್ಗೆ ಕೂಡ ಟೇಪ್ ರೆಕಾರ್ಡರಿನ ಪಕ್ಕದಲ್ಲಿ ಓಲಗದ ರೆಕಾರ್ಡೊಂದನ್ನು ತಿರುಗಲು ಸಿದ್ಧವಾಗಿಯೇ ಇಟ್ಟುಕೊಂಡಿದ್ದ. ಖಾಲಿ ಬಂದಾಗ ಸಣ್ಣಗೆ ಓಲಗ ಹಾಕಿಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ.

ತೆನೆ ಕಟ್ಟುವ ಹೊತ್ತು ಬಂತು. ಸಿದ್ದಿ ಹೊಸ್ತಿಲ ಒಳಗೆ ತಲೆ ಬಗ್ಗಿಸಿ ನಿಂತಳು. ಹಂಪಮ್ಮ ಅವಳ ಕಾಲ ಬಳಿ ಕೂತು ಸೆರಗಿನ ಅಂಚು ಹಿಡಿದಳು. ಮರಿಸ್ವಾಮಿ ಟೇಪು ಒತ್ತಿದ. ಬೇವಿನ ಮರದಿಂದ ಹಂಪಮ್ಮನ ದನಿ ಇಳಿದು ಬಂತು. ಕುಂಕುಮ ಯಾರು ಇಟ್ಟಾರ ಎಂದು ಕೇಳಿತು. ನಿಂತಿತು.

ಹಂದರದ ಜನ ಕತ್ತು ತಿರುಗಿಸಿ ಅವನನ್ನು ನೋಡಿದರು. ಅದೇ ನೋಟ.

"ಯಾಕ್ರೀ, ಕರೆಂಟ್ ಹೋತೇನು?" ಎಂದು ಬೀಗರ ಕಡೆಯವನೊಬ್ಬ ಕೂಗಿದ.

ಮರಿಸ್ವಾಮಿಯ ಬಲಗೈ ತಾನಾಗಿ ರೆಕಾರ್ಡಿನ ಮುಳ್ಳಿನ ಮೇಲೆ ಹೋಯಿತು. ಅವನು ಅದನ್ನು ಹಿಂದಕ್ಕೆಳೆದು ತೊಡೆಯ ಕೆಳಗಿಟ್ಟುಕೊಂಡು ಕೂತ. ಹಾರ್ನಿನಿಂದ ಮುಂದಿನ ಸಾಲು ಬಂತು.

*ಸೆರಗಿನಂಚಿನ ತೆನೆಯ ಯಾರು ಕಟ್ಟ್ಯಾರ
ಹೇಳ ಬಾರವ್ವ ಮಗಳ ಹಂದರಕ*

ಮತ್ತೆ ನಿಂತಿತು. ತೆನೆ ಕಟ್ಟುತ್ತಿದ್ದ ಹಂಪಮ್ಮನ ಬೆರಳುಗಳೂ ನಿಂತವು. ಆಗ ತಲೆ ಬಗ್ಗಿಸಿಕೊಂಡೇ ಮದುಮಗಳು ಬಾಯಿ ಬಿಟ್ಟಳು.

*ಸೆರಗಿನಂಚಿನ ತೆನೆಯ ಸೋದರತ್ತಿ ಕಟ್ಟ್ಯಾಳ
ಕೇಳವ್ವ ನಾ ಬಂದೆ ಹಂದರಕ*

ಮದುಮಗಳು ಹಾಡುವುದುಂಟೇ? ಆದರೆ ಯಾರೂ ಹಾಗೆನ್ನಲಿಲ್ಲ. ಸೋದರತ್ತಿ ಎನ್ನುವಲ್ಲಿ ಹುಡುಗಿಯ ದನಿ ಕಟ್ಟಿತು. ಕಟ್ಟಿದಲ್ಲಿಂದ ಗೋಡೆಗೆ ಒರಗಿ ಕೂತಿದ್ದ ಚೆನ್ನಬಸಮ್ಮನೆಂಬ ಮುದುಕಿ ಎತ್ತಿಕೊಂಡಳು. ಅವಳ ಹಿಂದೆ ಇನ್ನಿಬ್ಬರು ಮೂವರು, ಆಮೇಲೆ ಆ ಕಡೆ ಕೂತ ಹೆಂಗಸರೆಲ್ಲ, ವರ್ಷಗಟ್ಟಲೆ ಬಾಯಿ ಕಟ್ಟಿಕೊಂಡವರು, ಒಟ್ಟಿಗೆ ಹಿಡಿದರು. ಕೊನೆಯ ಅಕ್ಷರವನ್ನು ತಾಯಕ್ಕನ ಹಾಗೆಯೇ ಎಳೆದರು.

ಅಷ್ಟು ಜನ ಹಿಡಿದಾಗ ಹಾಡು ನಿಧಾನವಾಗುತ್ತದೆ. ಟೇಪಿನಲ್ಲಿ ಬಿಟ್ಟ ಜಾಗ ಸಾಲದಾಯಿತು. ಮುಂದಿನ ಸಾಲು ಮೇಲೆ ಬಿದ್ದೀತೆಂದು ಮರಿಸ್ವಾಮಿ ಟೇಪು ತಡೆಹಿಡಿದ. ಹೆಂಗಸರು ಮುಗಿಸಿ, ಮುಂದಿನ ಸಾಲಿಗಾಗಿ ಹಾರ್ನಿನ ಕಡೆ ಮುಖ ಎತ್ತಿದರು. ಅವನು ಗುಂಡಿ ಬಿಡಬೇಕು ಎನ್ನುವಷ್ಟರಲ್ಲಿ, ಕೆಳಗೆ ಕೂತ ಹಂಪಮ್ಮ, ಕಣ್ಣೀರು ಒರೆಸಿಕೊಳ್ಳದೆ, ಮಗಳ ಸೆರಗು ಕೈಯಲ್ಲೇ ಹಿಡಿದು, ತಾನೇ ಎತ್ತಿದಳು.

*ತಲಿಯ ಮ್ಯಾಲಿನ ದಂಡಿ ಯಾರು ಮುಡಿಸ್ಯಾರ…*

ಮರಿಸ್ವಾಮಿ ಟೇಪು ಬಂದ್ ಮಾಡಿದ. ಆಂಪ್ಲಿಫೈಯರಿನ ದೀಪವನ್ನೂ ಆರಿಸಿದ. ಬೀಗರ ಕಡೆಯವನು ಹಂದರದ ತುದಿಯಿಂದ ಎದ್ದು ಬಂದು, "ಏನ್ರಿ ಮೈಕ್‌ನೋರ, ಸೆಟ್ ಹಚ್ರಿ, ಮದುವಿ ಮನಿ ಸುಮ್ಮನಿರಬಾರ್ದು" ಎಂದ.

"ಸುಮ್ನಿರೋ ಮಾರಾಯ" ಎಂದ ಮರಿಸ್ವಾಮಿ. "ಹಾಡಾಕತ್ಯಾರ."